31 ವರ್ಷ ಬದುಕಿದ ರಾಜ, ಇವತ್ತಿಗೂ ವ್ಯಾಪಾರ ನಡೆಯುತ್ತಿರುವ ಪೇಟೆ

ಮೈಸೂರು: ನಂಜನಗೂಡು, ತಿ.ನರಸೀಪುರ, ಹುಣಸೂರು, ಕೆ.ಆರ್.ನಗರ ಕಡೆಯಿಂದ ಹೂವು, ವೀಳ್ಯದೆಲೆ, ಬಾಳೆಹಣ್ಣು ತಗೊಂಡು ದೇವರಾಜ ಮಾರುಕಟ್ಟೆಗೆ ಬರುವವರು ದಿನಾ ಇದ್ದೇ ಇರ್ತಾರೆ. ಮದುವೆ ಸಾಮಾನಿಗೆ, ಹಬ್ಬದ ಸಾಮಾನಿಗೆ ಬರುವವರೂ ಅಷ್ಟೇ. ಚಿಕ್ಕ ಗಡಿಯಾರದ ಹತ್ತಿರ ಸಿಗೋಣ ಅಂತ ಫೋನ್ ಮಾಡ್ತಾರೆ, ಸಯ್ಯಾಜಿರಾವ್ ರಸ್ತೆ ದಾಟ್ತಾರೆ, ಅರಮನೆ ಮುಂದೆ ಚಿನ್ನದ ಬಣ್ಣದ ಗೋಪುರದ ಕೆಳಗೆ ನಿಂತಿರುವ ಅಮೃತಶಿಲೆಯ ಪ್ರತಿಮೆಯನ್ನು ಬಸ್ಸಿನ ಕಿಟಕಿಯಿಂದ ನೋಡ್ತಾರೆ. ಆ ಪ್ರತಿಮೆ ಯಾರದು ಅಂತ ಕೇಳಿದರೆ ಹತ್ತರಲ್ಲಿ ಐದಾರು ಜನ ನಾಲ್ವಡಿ ಕೃಷ್ಣರಾಜ ಒಡೆಯರ್ ಅಂತಲೇ ಹೇಳ್ತಾರೆ.

ಅಲ್ಲ. ನಾಲ್ವಡಿಯವರ ಪ್ರತಿಮೆ ಇರುವುದು ಪಕ್ಕದ ಕೆ.ಆರ್. ವೃತ್ತದಲ್ಲಿ. ಇದು ಅವರ ತಂದೆ, ಹತ್ತನೇ ಚಾಮರಾಜ ಒಡೆಯರ್ ಅಥವಾ ಚಾಮರಾಜೇಂದ್ರ ಒಡೆಯರ್ ಅವರದು. ನಾವು ಓಡಾಡುವ ಈ ಪೇಟೆಯ ಅರ್ಧಕ್ಕರ್ಧ ಅವರ ಕಾಲದ್ದು. ಮಗನ ಹೆಸರು ಎಲ್ಲರ ಬಾಯಲ್ಲಿದೆ, ಅದು ಸರಿಯಾದದ್ದೇ. ಆದರೆ ಅಪ್ಪನ ಹೆಸರು ಮರೆತುಹೋಗಿದೆ. ಅವರ ಕಾಲದಲ್ಲಿ ಎದ್ದ ಕಟ್ಟಡಗಳೂ ಒಂದೊಂದಾಗಿ ಬೀಳ್ತಾ ಇವೆ.

ಐದು ವರ್ಷಕ್ಕೇ ಸಿಂಹಾಸನ

ಚಾಮರಾಜೇಂದ್ರರು ಹುಟ್ಟಿದ್ದು 1863ರ ಫೆಬ್ರವರಿ 22ರಂದು, ಬೆಟ್ಟದಕೋಟೆ ಅರಸು ಮನೆತನದಲ್ಲಿ. ಹುಟ್ಟಿದಾಗ ಅವರು ಯುವರಾಜ ಆಗಿರಲಿಲ್ಲ. ಆಗಿನ ಮಹಾರಾಜರು ಮುಮ್ಮಡಿ ಕೃಷ್ಣರಾಜ ಒಡೆಯರ್. ಅವರ ಕೈಯಿಂದ 1831ರಲ್ಲೇ ಬ್ರಿಟಿಷರು ಆಡಳಿತ ಕಿತ್ತುಕೊಂಡಿದ್ದರು. ರಾಜ ಅರಮನೆಯಲ್ಲಿ, ಅಧಿಕಾರ ಬೆಂಗಳೂರಿನಲ್ಲಿ ಕೂತ ಕಮಿಷನರ್ ಕೈಯಲ್ಲಿ. ಮುಮ್ಮಡಿಯವರಿಗೆ ಗಂಡು ಸಂತಾನದ ವಾರಸುದಾರರು ಇರಲಿಲ್ಲ. ಅವರ ನಂತರ ಸಂಸ್ಥಾನ ಪೂರ್ತಿ ಬ್ರಿಟಿಷರ ಪಾಲಾಗುತ್ತೆ ಅನ್ನೋ ಭಯ ಊರಲ್ಲೆಲ್ಲ ಇತ್ತು.

ಮುಮ್ಮಡಿಯವರು ಸುಮ್ಮನೆ ಕೂರಲಿಲ್ಲ. 1865ರ ಜೂನ್‌ನಲ್ಲಿ ಎರಡು ವರ್ಷದ ಈ ಮಗುವನ್ನು ದತ್ತು ತಗೊಂಡರು. ಬ್ರಿಟಿಷರು ಮೊದಲು ಒಪ್ಪಲಿಲ್ಲ. ಮಹಾರಾಜರು ಪಟ್ಟು ಬಿಡಲಿಲ್ಲ. ಕೊನೆಗೆ 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು. 1868ರ ಸೆಪ್ಟೆಂಬರ್‌ನಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು.

ಅಲ್ಲಿಂದ 13 ವರ್ಷ ಹುಡುಗ ಬೆಳೆದದ್ದು ಬ್ರಿಟಿಷ್ ಅಧಿಕಾರಿಗಳ ಉಸ್ತುವಾರಿಯಲ್ಲಿ. ಅವರಲ್ಲೊಬ್ಬರು ಜೇಮ್ಸ್ ಗೋರ್ಡನ್. ಹಳೇ ಡಿಸಿ ಕಚೇರಿ ಮುಂದೆ ಒಂದು ಇಂಗ್ಲಿಷ್ ದೊರೆಯ ಪ್ರತಿಮೆ ಇದೆಯಲ್ಲ, ಅದು ಇವರದೇ. ಇಂಗ್ಲಿಷ್ ಪಾಠ, ಕುದುರೆ ಸವಾರಿ ಒಂದು ಕಡೆ, ಅರಮನೆಯ ಶಾಸ್ತ್ರ ಸಂಪ್ರದಾಯ ಇನ್ನೊಂದು ಕಡೆ. ಜತೆಗೆ ಸಂಗೀತದ ಗೀಳು. ಚಾಮರಾಜೇಂದ್ರರು ಸ್ವತಃ ಪಿಟೀಲು ನುಡಿಸುತ್ತಿದ್ದರು.

ಬರಗಾಲ ಕಳೆದ ಮೇಲೆ ಸಿಕ್ಕ ರಾಜ್ಯ

ಅವರು 13–15ರ ಹುಡುಗನಾಗಿದ್ದಾಗ ಬಂದದ್ದು 1876–78ರ ಮಹಾ ಬರಗಾಲ. 1871ರಲ್ಲಿ 50 ಲಕ್ಷದ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಊರಿಗೆ ಊರೇ ಖಾಲಿಯಾಗಿತ್ತು, ಬೊಕ್ಕಸವೂ ಬರಿದಾಗಿತ್ತು.

ಇಂಥ ಸ್ಥಿತಿಯಲ್ಲಿ 1881ರ ಮಾರ್ಚ್ 25ರಂದು ಬ್ರಿಟಿಷರು ಅಧಿಕಾರ ವಾಪಸ್ ಕೊಟ್ಟರು. 50 ವರ್ಷದ ನಂತರ ಮೈಸೂರಿಗೆ ಮತ್ತೆ ತನ್ನ ರಾಜ ಸಿಕ್ಕಿದ. ಆಗ ರಾಜನಿಗೆ 18 ವರ್ಷ. ಇವತ್ತಿನ ಲೆಕ್ಕದಲ್ಲಿ ಪಿಯುಸಿ ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವ ವಯಸ್ಸು.

ಮೊದಲ ದಿವಾನರು ಸಿ. ರಂಗಾಚಾರ್ಲು. ಅದೇ ವರ್ಷ ಅಕ್ಟೋಬರ್‌ನಲ್ಲಿ, ದಸರಾ ಹೊತ್ತಿಗೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಮೊದಲ ಸಭೆಗೆ ಬಂದವರು 144 ಜನ. ತಾಲೂಕು ತಾಲೂಕಿನಿಂದ ಬಂದ ಹಿಡುವಳಿದಾರ ರೈತರು ಮತ್ತು ಮುಖ್ಯ ವ್ಯಾಪಾರಿಗಳು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಸರ್ಕಾರ ವರ್ಷದಲ್ಲಿ ಏನು ಮಾಡಿತು ಅಂತ ದಿವಾನರು ಓದುತ್ತಿದ್ದರು, ಇವರು ತಮ್ಮ ಊರಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ಅಷ್ಟೇ ಆದರೂ, ದೇಶದ ಸಂಸ್ಥಾನಗಳಲ್ಲಿ ಇಂಥದ್ದು ಮೊದಲು. ಅಂಗಡಿ ಇಟ್ಟವನೂ ಸರ್ಕಾರದ ಎದುರು ಎದ್ದು ನಿಂತು ಮಾತಾಡಬಹುದು ಅನ್ನೋದು ಶುರುವಾಗಿದ್ದು ಅಲ್ಲಿಂದ.

ರಂಗಾಚಾರ್ಲು ಎರಡೇ ವರ್ಷದಲ್ಲಿ, 1883ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿಗೆ 1884ರಲ್ಲಿ ಶುರು ಮಾಡಿದ ಕಟ್ಟಡವೇ ಈಗ ನಾವು ಟೌನ್‌ಹಾಲ್ ಅಂತ ಕರೆಯುವ ರಂಗಾಚಾರ್ಲು ಸ್ಮಾರಕ ಭವನ. ನಂತರ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಮಹಾರಾಜರ ಕೊನೆ ತನಕ ಜತೆಗಿದ್ದರು.

ರೈಲು ಬಂತು, ಹಳ್ಳ ಮುಚ್ಚಿತು

ಆಗಿನ ಮೈಸೂರು ಈಗಿನ ಹಾಗಿರಲಿಲ್ಲ. ಕೋಟೆಯೊಳಗೆ ಅರಮನೆ ಮಾತ್ರ ಅಲ್ಲ, ಇಕ್ಕಟ್ಟಾಗಿ ಜನವಸತಿಯೂ ಇತ್ತು. ಇವತ್ತು ದಸರಾಗೆ ಜನ ಕೂರುವ ಅರಮನೆ ಅಂಗಳದಲ್ಲಿ ಒಂದು ಕಾಲದಲ್ಲಿ ಮನೆಗಳು, ಓಣಿಗಳು ಇದ್ದವು ಅಂದರೆ ನಂಬುವುದು ಕಷ್ಟ. ಆದರೆ ನಿಜ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅವನ್ನೆಲ್ಲ ತೆರವು ಮಾಡಲಾಯಿತು.

ಕೋಟೆಯ ಹೊರಗಡೆ ಒಂದು ದೊಡ್ಡ ಹಳ್ಳ. ಜನ ಅದನ್ನು ಪೂರ್ಣಯ್ಯ ನಾಲೆ ಅಂತಿದ್ದರು. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕು ಅಂತ ತೋಡಿಸಿದ ಕಾಲುವೆ ಅದು. ನೀರು ಊರಿಗೆ ಬರಲೇ ಇಲ್ಲ. ಉಳಿದದ್ದು ಊರಿನ ನಡುವೆ ಕಂದಕದ ಥರ ಒಂದು ಕೊರಕಲು. ಚಾಮರಾಜೇಂದ್ರರ ಕಾಲದಲ್ಲಿ, 1880ರ ದಶಕದಲ್ಲಿ, ಊರೊಳಗಿನ ಈ ಹಳ್ಳವನ್ನು ಮುಚ್ಚಿ, ಅದರ ಮೇಲೆ ತೋಟ, ರಸ್ತೆ ಮಾಡುವ ಕೆಲಸ ನಡೆಯಿತು. ಇವತ್ತು ದಸರಾ ಜಂಬೂಸವಾರಿ ಹೋಗುವ ಸಯ್ಯಾಜಿರಾವ್ ರಸ್ತೆ ಇದೇ ನಾಲೆಯ ಜಾಡಿನಲ್ಲಿದೆ. ಹೆಸರು ಬಂದದ್ದು ಬರೋಡಾ ಮಹಾರಾಜರಿಂದ. ಚಿನ್ನದಂಗಡಿ, ಸೀರೆ ಅಂಗಡಿ, ಸ್ವೀಟ್ ಅಂಗಡಿ ಸಾಲಾಗಿ ನಿಂತಿರುವ ಜಾಗದ ಕೆಳಗೆ ಒಂದು ಸೋತ ಕಾಲುವೆ ಮಲಗಿದೆ.

ಇನ್ನೊಂದು ದೊಡ್ಡ ಬದಲಾವಣೆ ರೈಲು. ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಪೂರ್ತಿಯಾಯಿತು. 1891ರಲ್ಲಿ ನಂಜನಗೂಡಿನ ತನಕ ಹೋಯಿತು. ಗಾಡಿ ಕಟ್ಟಿಕೊಂಡು ದಿನಗಟ್ಟಲೆ ಸಾಗಿಸುತ್ತಿದ್ದ ಸರಕು ಒಂದೇ ದಿನದಲ್ಲಿ ಬೆಂಗಳೂರು ಸೇರುವ ಹಾಗಾಯಿತು. ಸರಕು ಬಂದ ಮೇಲೆ ಅದನ್ನು ಇಳಿಸೋಕೆ, ಮಾರೋಕೆ ಜಾಗ ಬೇಕಲ್ಲ? ಪೇಟೆ ಬೆಳೆದದ್ದು ಹೀಗೆ.

ಸಂತೆಗೆ ಸೂರು

ದೇವರಾಜ ಮಾರುಕಟ್ಟೆ ಇರುವ ಜಾಗದಲ್ಲಿ ಹಿಂದಿನಿಂದಲೂ ವಾರದ ಸಂತೆ ಸೇರುತ್ತಿತ್ತು ಅಂತ ಹಳಬರು ಹೇಳಿಕೊಂಡು ಬಂದಿದ್ದಾರೆ. ಹೆಸರು ಹಳೆಯ ಅರಸರಾದ ದೊಡ್ಡದೇವರಾಜ ಒಡೆಯರ್ ಅವರದು. ಬಯಲಲ್ಲಿ ನಡೆಯುತ್ತಿದ್ದ ವ್ಯಾಪಾರಕ್ಕೆ ಗೋಡೆ, ಕಮಾನು, ಸೂರು ಬರಲು ಶುರುವಾಗಿದ್ದು ಚಾಮರಾಜೇಂದ್ರರ ಕಾಲದಲ್ಲಿ. ಒಂದೇ ಸಲ ಕಟ್ಟಿ ಮುಗಿಸಿದ್ದಲ್ಲ. ಮುಂದೆ ಹಲವು ವರ್ಷ ಹಂತ ಹಂತವಾಗಿ ಬೆಳೆಯಿತು. ಒಳಗೆ ಹೂವಿನ ಸಾಲು, ಎಲೆ ಸಾಲು, ಹಣ್ಣಿನ ಸಾಲು, ಕುಂಕುಮ ಅರಿಶಿನ ಗುಡ್ಡೆ ಹಾಕಿಟ್ಟ ಅಂಗಡಿಗಳು. ತಾಲೂಕಿನ ರೈತನಿಗೂ ಊರಿನ ಗಿರಾಕಿಗೂ ನಡುವೆ ಒಂದು ಕಾಯಂ ಜಾಗ ಸಿಕ್ಕಿತು.

ಮಾರುಕಟ್ಟೆಯ ದಕ್ಷಿಣ ಬಾಗಿಲ ಎದುರಿನ ಗಡಿಯಾರ ಗೋಪುರದ ನಿಜವಾದ ಹೆಸರು ಡಫರಿನ್ ಗಡಿಯಾರ. ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿನದು. ಆದರೆ ಆ ಹೆಸರಿಂದ ಕೇಳಿದರೆ ಆಟೋದವರೂ ತಲೆ ಕೆರೆದುಕೊಳ್ತಾರೆ. ಜನ ಇಟ್ಟ ಹೆಸರು ಚಿಕ್ಕ ಗಡಿಯಾರ, ಅದೇ ಉಳಿಯಿತು. ಟೌನ್‌ಹಾಲ್ ಹತ್ತಿರದ ದೊಡ್ಡ ಗಡಿಯಾರ ಆಮೇಲಿನದು, ನಾಲ್ವಡಿಯವರ ಆಳ್ವಿಕೆಯ ರಜತೋತ್ಸವಕ್ಕೆ 1927ರಲ್ಲಿ ಎದ್ದದ್ದು.

ಅಲ್ಲೇ ಪಕ್ಕದಲ್ಲಿ, ಜಗನ್ಮೋಹನ ಅರಮನೆ ಕಡೆ ಹೋಗುವ ರಸ್ತೆಯಲ್ಲಿ, ಕಮಾನುಗಳ ಸಾಲಿನ ಉದ್ದನೆ ಮಹಡಿ ಕಟ್ಟಡ ಲ್ಯಾನ್ಸ್‌ಡೌನ್. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದರು, ಕಟ್ಟಡಕ್ಕೆ ಅವರ ಹೆಸರಿಟ್ಟರು. ಮೈಸೂರಿನಲ್ಲಿ ಓದಿದವರಿಗೆ ಅದು ಬೇರೆ ಕಾರಣಕ್ಕೆ ಗೊತ್ತು: ಅರ್ಧ ರೇಟಿಗೆ ಪಠ್ಯಪುಸ್ತಕ ಸಿಗುತ್ತಿದ್ದ ಹಳೇ ಪುಸ್ತಕದ ಅಂಗಡಿಗಳು ಅಲ್ಲೇ ಇದ್ದವು.

ಹದಿಮೂರು ವರ್ಷದಲ್ಲಿ ಇಷ್ಟೆಲ್ಲ

ಪೇಟೆ ಒಂದು ಭಾಗ ಮಾತ್ರ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಮನೆಯವರು ಹಿಂಜರಿಯುತ್ತಿದ್ದ 1881ರಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾಯಿತು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1888ರಲ್ಲಿ ದಸರಾ ಜತೆಗೆ ಕೃಷಿ, ಕೈಗಾರಿಕೆ ವಸ್ತುಪ್ರದರ್ಶನ ನಡೆಯಿತು. ಈಗ ನಾವು ಮಕ್ಕಳನ್ನು ಕರಕೊಂಡು ಹೋಗುವ ದಸರಾ ಎಕ್ಸಿಬಿಷನ್ನಿನ ಬೇರು ಅದೇ. 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಗಿ, ಓಲೆಗರಿ ಹಸ್ತಪ್ರತಿಗಳನ್ನು ಒಂದು ಕಡೆ ಕೂಡಿಡುವ ಕೆಲಸ ನಡೆಯಿತು. ಕೌಟಿಲ್ಯನ ಅರ್ಥಶಾಸ್ತ್ರ ಮುಂದೆ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ. 1892ರಲ್ಲಿ ಮೃಗಾಲಯ ಶುರುವಾಯಿತು. ಟಿಕೆಟ್ ಮೇಲೆ ಶ್ರೀ ಚಾಮರಾಜೇಂದ್ರ ಮೃಗಾಲಯ ಅಂತ ಇರುತ್ತೆ. ನಮ್ಮ ಬಾಯಲ್ಲಿ ಮಾತ್ರ ಅದು ಬರೀ ಜೂ.

ಅದೇ 1892ರಲ್ಲಿ ಊರೂರು ಅಲೆಯುತ್ತಿದ್ದ ಒಬ್ಬ ಯುವ ಸನ್ಯಾಸಿ ಮೈಸೂರಿಗೆ ಬಂದು ಮಹಾರಾಜರ ಅತಿಥಿಯಾಗಿ ಉಳಿದರು. ಅವರೇ ಸ್ವಾಮಿ ವಿವೇಕಾನಂದ. ರಾಜ, ಸನ್ಯಾಸಿ ಇಬ್ಬರೂ 1863ರಲ್ಲೇ ಹುಟ್ಟಿದವರು, ಒಂದೂವರೆ ತಿಂಗಳ ಅಂತರ ಅಷ್ಟೇ. ಇಬ್ಬರೂ ನಲವತ್ತು ದಾಟಲಿಲ್ಲ.

1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸುವ ಕಾಯ್ದೆ ಬಂತು. ಎಂಟು ಅಂದರೆ ಇವತ್ತು ಕಡಿಮೆ ಅನ್ನಿಸುತ್ತೆ. ಆ ಕಾಲಕ್ಕೆ ಅಷ್ಟು ಮಾಡಲೂ ಧೈರ್ಯ ಬೇಕಿತ್ತು.

ಅರಮನೆಯಲ್ಲಿ ವೀಣೆ ಶೇಷಣ್ಣನವರಂಥ ವಿದ್ವಾಂಸರಿಗೆ ಆಶ್ರಯ ಇತ್ತು. ಮಹಾರಾಜರ ಹೆಸರಲ್ಲೇ ಒಂದು ನಾಟಕ ಸಭೆ ಇತ್ತು. ಅದಕ್ಕೆ ಬಸವಪ್ಪ ಶಾಸ್ತ್ರಿಗಳು ಶಾಕುಂತಲ ನಾಟಕವನ್ನು ಕನ್ನಡಕ್ಕೆ ತಂದರು. ಸಂಸ್ಥಾನದ ನಾಡಗೀತೆ ಬರೆದವರೂ ಅವರೇ.

ಇಲ್ಲೊಂದು ಗೊಂದಲ ಬಗೆಹರಿಸಬೇಕು. ಚಾಮರಾಜನಗರಕ್ಕೆ ಹೆಸರು ಬಂದದ್ದು ಇವರಿಂದಲ್ಲ. ಅದು ಮುಮ್ಮಡಿಯವರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ್ ನೆನಪಿಗೆ ಇಟ್ಟ ಹೆಸರು. ಮೈಸೂರಿನ ಚಾಮರಾಜೇಂದ್ರ ವೃತ್ತ, ಮೃಗಾಲಯ, ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇವರ ಹೆಸರಿನವು.

ಕಲ್ಕತ್ತಾದಲ್ಲಿ ಮುಗಿದ ಪ್ರಯಾಣ

1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕುಟುಂಬ ಸಮೇತ ಕಲ್ಕತ್ತಾಗೆ ಹೋಗಿದ್ದರು. ಅಲ್ಲಿ ಗಂಟಲಿಗೆ ಡಿಫ್ತೀರಿಯಾ ತಗುಲಿತು. ಇವತ್ತು ಹುಟ್ಟಿದ ಮಗುವಿಗೆ ತಿಂಗಳ ಲೆಕ್ಕದಲ್ಲಿ ಸೂಜಿ ಹಾಕಿಸಿ ತಡೆಯುವ ಕಾಯಿಲೆ ಅದು. ಆಗ ಆ ಲಸಿಕೆ ಇರಲಿಲ್ಲ. ಡಿಸೆಂಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31. ಎಲ್ಲಿಯ ಮೈಸೂರು, ಎಲ್ಲಿಯ ಕಲ್ಕತ್ತಾ!

ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ಅಪ್ಪನ ಹಾಗೆ ಮಗನೂ ಹುಡುಗನಾಗಿದ್ದಾಗಲೇ ಸಿಂಹಾಸನ ಏರಬೇಕಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿವಿಲಾಸ ಸನ್ನಿಧಾನದವರು, 1902ರ ತನಕ ಮಗನ ಪರವಾಗಿ ರಾಜ್ಯ ನಡೆಸಿದರು. ಗಂಡನನ್ನು ಪರಊರಿನಲ್ಲಿ ಕಳಕೊಂಡು ಬಂದ ಆ ತಾಯಿ ಎಂಟು ವರ್ಷ ಸಂಸ್ಥಾನ ಕಾಪಾಡಿದ್ದು ಬೇರೆಯೇ ಒಂದು ಕಥೆ.

ಅವರ ಸಂಕಟ ಅಲ್ಲಿಗೂ ಮುಗಿಯಲಿಲ್ಲ. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲೇ ಅರಮನೆಗೆ ಬೆಂಕಿ ಬಿತ್ತು. ಅದು ಮರದ ಅರಮನೆ. ಟಿಪ್ಪು ಸುಲ್ತಾನರ ನಂತರ ಒಡೆಯರ್ ಮನೆತನ ಮೈಸೂರಿಗೆ ವಾಪಸಾದಾಗ ಎದ್ದದ್ದು. ಮರ, ಬಣ್ಣ, ಚಪ್ಪರ ಎಲ್ಲ ಸೇರಿ ಉರಿಯಿತು. ಈಗ ನಾವು ನೋಡುವ ಅರಮನೆ ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದದ್ದು. ಫೋಟೋಗಳಲ್ಲಿ ಕಾಣುವ ಈ ಅರಮನೆಯನ್ನು ಚಾಮರಾಜೇಂದ್ರರು ನೋಡಲೇ ಇಲ್ಲ. ಅವರು ಬಾಳಿದ ಅರಮನೆಯನ್ನು ನಾವು ನೋಡಲಿಲ್ಲ.

ಬೆಂಕಿ ಇಲ್ಲದೆ ಬಿದ್ದವು

ಮರದ ಅರಮನೆ ಹೋದದ್ದು ಬೆಂಕಿಯಿಂದ, ಒಂದೇ ಸಲ. ಪೇಟೆಯ ಕಟ್ಟಡಗಳು ಹೋಗುತ್ತಿರುವುದು ಬೇರೆ ಥರ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಿದರು, ಬಾಗಿಲು ಹಾಕಿದರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲು ಬಿತ್ತು. ಅದೂ ದುರಸ್ತಿ ಕೆಲಸ ನಡೆಯುತ್ತಿದ್ದ ಕಾಲದಲ್ಲೇ. ಪುಣ್ಯಕ್ಕೆ ಜೀವ ಹೋಗಲಿಲ್ಲ. ಕೆಡವಿ ಹೊಸದು ಕಟ್ಟಬೇಕಾ, ರಿಪೇರಿ ಮಾಡಿ ಉಳಿಸಬೇಕಾ ಅನ್ನೋ ವಾದ ಅಲ್ಲಿಂದ ಶುರುವಾಗಿ ಕೋರ್ಟ್ ಮೆಟ್ಟಿಲು ಹತ್ತಿತು.

ಈ ವಾದದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಹಳೆಯದು ಅಂದ ಮಾತ್ರಕ್ಕೆ ತಲೆ ಮೇಲೆ ಬೀಳುವ ಸೂರಿನ ಕೆಳಗೆ ಯಾರೂ ಕೂರೋಕೆ ಆಗಲ್ಲ. ಸತ್ತ ನಾಲ್ವರ ಮನೆಯವರ ಮುಂದೆ ಪರಂಪರೆ ಅನ್ನೋ ಮಾತು ಹಗುರ. ಆದರೆ ಕಟ್ಟಡ ತಾನಾಗೇ ಒಂದು ದಿನ ಬೀಳಲ್ಲ ಅನ್ನೋದೂ ಅಷ್ಟೇ ನಿಜ. ಆ ಕಾಲದ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳವು. ಮಾಳಿಗೆ ಮೇಲೆ ನೀರು ನಿಂತರೆ ಗಾರೆ ಸಡಿಲ ಆಗುತ್ತೆ, ತೊಲೆ ಕೊಳೆಯುತ್ತೆ. ಹಕ್ಕಿ ಹಾಕಿದ ಬೀಜದಿಂದ ಗೋಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟುತ್ತೆ, ಬೇರು ಇಟ್ಟಿಗೆ ಬಿಡಿಸುತ್ತೆ. ಅಂಗಡಿ ಸಾಲದು ಅಂತ ಒಳಗೋಡೆ ಒಡೆದರೆ ಕಮಾನಿನ ಭಾರ ಎಲ್ಲೋ ತಪ್ಪುತ್ತೆ. ಹಳೇ ಗಾರೆ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಒಳಗೇ ಉಳಿಯುತ್ತೆ. ಒಂದೊಂದೂ ಸಣ್ಣದು. ನೂರು ವರ್ಷ ಕೂಡಿದರೆ ದೊಡ್ಡದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಕೆಡವೋದಾ ಉಳಿಸೋದಾ ಅನ್ನೋದಷ್ಟೇ ಅಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ ನೋಡುವವರು ಯಾರು? ಬಾಡಿಗೆ ವಸೂಲಿ ಮಾಡುವವರಿದ್ದಾರೆ, ಕಟ್ಟುವವರಿದ್ದಾರೆ. ಆ ದುಡ್ಡಲ್ಲಿ ಗೋಡೆಗೆ ಎಷ್ಟು ಹೋಗುತ್ತೆ? ಇದಕ್ಕೆ ಉತ್ತರ ಇಲ್ಲದಿದ್ದರೆ ನಾಳೆ ಕಟ್ಟುವ ಹೊಸ ಮಾರುಕಟ್ಟೆ ಗತಿಯೂ ಅಷ್ಟೇ.

ಇದು ಮೈಸೂರಿನ ಮಾತು ಮಾತ್ರ ಅಲ್ಲ. ನಮ್ಮ ಒಂದೊಂದು ತಾಲೂಕು ಕೇಂದ್ರದಲ್ಲೂ ಒಂದು ಹಳೇ ಸಂತೆಮಾಳ, ಒಂದು ಛತ್ರ, ಒಂದು ರೈಲ್ವೆ ಸ್ಟೇಷನ್, ಸುಣ್ಣದ ಗೋಡೆಯ ಅಂಗಡಿ ಸಾಲು ಇದೆ. ಅದನ್ನು ಯಾರು ಕಟ್ಟಿಸಿದರು, ಯಾವಾಗ ಅನ್ನೋದು ಊರಿನ ಹಿರಿಯರಿಗೆ ಗೊತ್ತಿರುತ್ತೆ. ಕೇಳಿ ಬರೆದಿಟ್ಟುಕೊಳ್ಳಿ. ಅಂಗಡಿಯವರ ಹತ್ತಿರ ತಾತನ ಕಾಲದ ಬಾಡಿಗೆ ರಸೀದಿ, ಅಂಗಡಿ ಮುಂದೆ ನಿಂತು ತೆಗೆಸಿದ ಫೋಟೋ ಇದ್ದರೆ ತೂಕಕ್ಕೆ ಹಾಕಬೇಡಿ. ಕಟ್ಟಡ ಯಾವಾಗ ಎದ್ದಿತು, ಒಳಗೆ ಯಾರಿದ್ದರು ಅಂತ ನಾಳೆ ಯಾರಾದರೂ ಕೇಳಿದಾಗ ಪುರಾವೆ ಅಂತ ಉಳಿಯೋದು ಅದೇ.

ಚಾಮರಾಜೇಂದ್ರರ ಕೈಗೆ ಅಧಿಕಾರ ಸಿಕ್ಕಿದ್ದು ಹದಿಮೂರು ಮುಕ್ಕಾಲು ವರ್ಷ ಮಾತ್ರ. ಅಷ್ಟರಲ್ಲಿ ಬರಗಾಲದಿಂದ ಎದ್ದ ಊರಿಗೆ ಒಂದು ಪೇಟೆ ಸಿಕ್ಕಿತು. ಆ ಪೇಟೆಯಿಂದ ನೂರಾರು ಕುಟುಂಬ ಇವತ್ತಿಗೂ ಊಟ ಮಾಡ್ತಿವೆ. ಮುಂದಿನ ಸಲ ಅರಮನೆ ಮುಂದೆ ಹೋಗುವಾಗ ಮಕ್ಕಳು ಆ ಪ್ರತಿಮೆ ಯಾರದು ಅಂತ ಕೇಳಿದರೆ, ಸರಿಯಾದ ಹೆಸರು ಹೇಳಿ.